ಮುಟ್ಟೈತೋ, ಮುಟ್ಟವ್ನೋ

ಎಲ್ಲೋ ಏಳು ಸಮುದ್ರದಾಚೆ ಬಾಂಬು ಬಿದ್ದರೆ ಹಿಂದೂಪುರದಲ್ಲಿ ಹರಿತಾ ರಾತ್ರಿಯ ಮುದ್ದೆ ಬಿಡುತ್ತಿದ್ದಳು. ಅದು ಅವಳ ತಪ್ಪಲ್ಲ, ಅವಳನ್ನು ಸಾಕಿದ ಅಜ್ಜಿ ಬೀರಕ್ಕನದು. ಕುಂದುರ್ಪಿ ಕಡೆಯ ಆ ಮುದುಕಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರಿ ಯಾವುದೋ ಊರಿಗೆಂದು ಹೊರಟಿರುತ್ತಿದ್ದಳು. ದಾರಿಯಲ್ಲಿ ನೀರಿಗೆ ಬಿದ್ದ ಇರುವೆಯನ್ನು ಎತ್ತುತ್ತಿದ್ದಳು, ರೆಕ್ಕೆ ಮುರಿದ ಗಿಳಿಗೆ ಪಟ್ಟಿ ಕಟ್ಟುತ್ತಿದ್ದಳು, ಅಳುವ ಮರಕ್ಕೂ ಒಂದು ಸಮಾಧಾನದ ಮಾತು ಹೇಳುತ್ತಿದ್ದಳು. ಕೊನೆಗೆ ಅವಳು ಹೊರಟ ಊರು ಸೇರಿದಳೋ ಇಲ್ಲವೋ ಹರಿತಾಳಿಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ನಿದ್ದೆ ಬಂದುಬಿಟ್ಟಿರುತ್ತಿತ್ತು.

ಈಗ ಹರಿತಾಳ ಕೈಯಲ್ಲಿ ಒಂದು ಫೋನಿತ್ತು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಅಲ್ಲೊಬ್ಬರು ಇಲ್ಲೊಬ್ಬರು ಸೇರಿ ಕಟ್ಟಿಕೊಂಡ ಸಣ್ಣ ಗುಂಪಿನ ಫೋನು. ರಕ್ತ ಬೇಕಾದವರು, ಆಂಬುಲೆನ್ಸ್ ಸಿಗದವರು, ಯಾವ ಆಸ್ಪತ್ರೆಗೆ ಓಡಬೇಕೆಂದು ತಿಳಿಯದವರು ಅದಕ್ಕೆ ಕರೆ ಮಾಡುತ್ತಿದ್ದರು. ಸರದಿಯ ಮೇಲೆ ಇಟ್ಟುಕೊಳ್ಳಬೇಕೆಂದು ಮಾತಾಗಿತ್ತು. ಆದರೆ ಅದು ಹರಿತಾಳ ಕೈ ಬಿಟ್ಟು ಹೋದದ್ದೇ ಇಲ್ಲ. ಬೇರೆಯವರ ಹತ್ತಿರ ಇದ್ದಾಗ ಕರೆ ಬಂದು, ಅವರು ಸ್ನಾನಕ್ಕೋ ಸಂತೆಗೋ ಹೋಗಿದ್ದರೆ? ಆ ಯೋಚನೆಗೇ ಅವಳಿಗೆ ಮೈ ಬೆವರುತ್ತಿತ್ತು.

ಅವಳದೇ ಅಂತ ಲೋಕದಲ್ಲಿ ಇನ್ನೊಂದಿತ್ತು, ಕಾಲಿನಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ. ಊರೂರಿನ ಪೌರಾಣಿಕ ನಾಟಕಗಳಿಗೆ ನುಡಿಸಿ ಹಲ್ಲು ಉದುರಿಸಿಕೊಂಡಿದ್ದ ಪಾಪಯ್ಯ ಮೇಷ್ಟ್ರು ಅವಳಿಗೆ ಕಲಿಸುತ್ತಿದ್ದರು. ಇವತ್ತು ಸುವರ್ಣಮ್ಮನ ನಾಟಕ ಕಂಪನಿಯವರು ಹಿಂದೂಪುರಕ್ಕೆ ಬಂದಿದ್ದರು. ಗಡಿಯ ಎರಡೂ ಕಡೆ, ಎರಡೂ ಭಾಷೆಯಲ್ಲಿ ಆಡುವ ಕಂಪನಿ. ಅವರ ಹಳೆಯ ಹಾರ್ಮೋನಿಯಂ ಪೆಟ್ಟಿಗೆಯವರಿಗೆ ಬೆರಳು ನಡುಗಲು ಶುರುವಾಗಿ, ಹೊಸಬರು ಬೇಕಾಗಿ, ಹರಿತಾಳನ್ನು ಪರೀಕ್ಷೆಗೆ ಕರೆದಿದ್ದರು. ಹೆಂಗಸರು ಆ ಜಾಗದಲ್ಲಿ ಕೂತದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಬೆಳಿಗ್ಗೆ ಆಟೋದಲ್ಲಿ ಮಡಚಿದ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತ ಮೇಷ್ಟ್ರು ಕೈ ಚಾಚಿದರು.

"ಆ ಫೋನಿಲ್ಲಿ ಕೊಡು."

"ಹೋದ ಮೇಲೆ ಕೊಡ್ತೀನಿ ಮೇಷ್ಟ್ರೇ."

"ಊರವ್ರ ಕಷ್ಟ ಎಲ್ಲಾ ನಿನ್ ಬೆರಳ ತುದ್ಯಾಗೆ ಕುಂತ್ಕಂಡ್ರೆ ಸ್ವರ ಎಲ್ ಕುಂತ್ಕಬೇಕಮ್ಮ? ಇವತ್ತೊಂದು ದಿನ ಲೋಕ ಬೇರೆಯೋರು ನೋಡ್ಕಂತಾರೆ, ಕೊಡು."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೇಷ್ಟ್ರು ಹಣೆ ಚಚ್ಚಿಕೊಂಡರು.

"ಹರಿತಮ್ಮಾ, ನಾನು ಓಬುಳೇಶ, ಕುಂದುರ್ಪಿ ತಾವ್ಲಿಂದ. ನಮ್ ತಮ್ಮ ಅಂಜಿಗೆ ಬೆಳಗಿನ್ ಜಾವ್ದಿಂದ ಒಂದೇ ಸಮ ಹೊಟ್ಟೆನೋವು ಕಣಮ್ಮ. ರೆಪ್ಪೆ ಎತ್ತಕ್ಕಾಯ್ತಿಲ್ಲ, ಮಾತು ತೊದಲ್ತಾವ್ನೆ. ಕುರಿರೊಪ್ಪದಾಗೆ ಮಲಗಿದ್ದ. ಹುಳದ್ದು ಅನ್ಸ್ತೈತೆ, ಮುಟ್..."

ರೈಲ್ವೆ ಗೇಟಿನ ಹತ್ತಿರ ಹುಣಸೆಹಣ್ಣಿನ ಲಾರಿಯೊಂದು ಕಿವಿ ಹರಿಯುವಂತೆ ಹಾರನ್ ಹೊಡೆಯಿತು.

"ಏನಣ್ಣಾ? ಹುಳದ್ದಾ?"

"ಹ್ಞೂ ಕಣಮ್ಮ, ಹುಳದ್ದೇ. ಇನ್ನೇನ್ ಬಿಡ್ಸಿ ಹೇಳ್ಲಿ? ಮಗ್ಗುಲಾಗೇ ಅವ್ನೆ ಅವ್ನು. ಹೆಸ್ರು ಎತ್ಬ್ಯಾಡ ತಾಯಿ, ನಿನ್ ಕೈ ಮುಗಿತೀನಿ."

ಬೆಳೆಗೆ ಹೊಡೆಯುವ ವಿಷಕ್ಕೆ ಈ ಕಡೆ ಕನ್ನಡದವರು ಹುಳದ ಮದ್ದು ಅನ್ನುತ್ತಾರೆ, ತೆಲುಗಿನವರು ಪುರುಗುಲ ಮಂದು, ಪುರುಗು ಅಂದರೂ ಹುಳವೇ. ಅದನ್ನು ಕುಡಿದವರ ಮನೆಗಳಿಂದ ಆ ತಿಂಗಳು ಬಂದ ಕರೆಗಳೆಲ್ಲ ಹೀಗೇ ಇದ್ದವು. ಅರ್ಧ ಮಾತು, ಪಿಸುದನಿ, ಹುಡುಗನ ಹೆಸರು ಎತ್ತಬೇಡ ಎಂಬ ಬೇಡಿಕೆ. ಲಾರಿ ನುಂಗಿದ ಮಾತನ್ನು ಹರಿತಾ ತಾನೇ ತುಂಬಿಕೊಂಡಳು. ಮುಟ್ಟವ್ನೆ. ಅಂಜಿ ಹುಳದ ಮದ್ದು ಮುಟ್ಟಿದ್ದಾನೆ.

ಕಲ್ಯಾಣದುರ್ಗದ ನರ್ಸಿಂಗ್ ಹೋಮ್ ಒಂದರ ಎದುರಿಗೆ ಮೆಡಿಕಲ್ ಅಂಗಡಿ ಇಟ್ಟಿದ್ದ ಕೊಟ್ರೇಶ ಅವರ ಗುಂಪಿನವನೇ. ತಮ್ಮನನ್ನು ಅಲ್ಲಿಗೇ ಕರೆತರಲು ಓಬುಳೇಶನಿಗೆ ಹೇಳಿ, ಕೊಟ್ರೇಶನಿಗೆ ಫೋನು ಮಾಡಿದಳು: "ಕೊಟ್ರೇಶಣ್ಣ, ಕುಂದುರ್ಪಿ ಕಡೆಯಿಂದ ಒಂದು ಪುರುಗುಲ ಮಂದು ಕೇಸು ಬತ್ತೈತೆ. ಡಾಕ್ಟ್ರಿಗೆ ಮೊದ್ಲೇ ಹೇಳಿಡು. ಮನೆಯೋರನ್ನ ಜಾಸ್ತಿ ಕೆದಕ್ಬ್ಯಾಡ್ರಿ, ಪಾಪ, ಮಾನಕ್ಕೆ ಹೆದರ್ಕಂಡವ್ರೆ."

"ನೀನು ಹೋಗಿ ಪೆಟ್ಟಿಗೆ ಬಾರ್ಸು, ನಾ ನೋಡ್ಕಂತೀನಿ," ಎಂದ ಕೊಟ್ರೇಶ.

ಮೇಷ್ಟ್ರು ಫೋನು ಕಿತ್ತುಕೊಂಡು, ಆಫ್ ಮಾಡಿ, ಹೆಗಲಿನ ಚೀಲದ ತಳಕ್ಕೆ ತಳ್ಳಿದರು.

ಪರೀಕ್ಷೆ ಇದ್ದದ್ದು ಹುಣಸೆಹಣ್ಣಿನ ಮಂಡಿಯ ಮೇಲಿನ ಹಾಲಿನಲ್ಲಿ. ಕೆಳಗೆ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಹುಳಿ ವಾಸನೆ ಮೆಟ್ಟಿಲು ಹತ್ತಿ ಬಂದಿತ್ತು. ಸುವರ್ಣಮ್ಮ ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು. ಹರಿತಾಳ ಬೆರಳುಗಳನ್ನು ಹಿಡಿದು, ತಿರುಗಿಸಿ, ಬದನೆಕಾಯಿ ಕೊಳ್ಳುವವಳ ಹಾಗೆ ನೋಡಿದಳು.

"ಬೆರಳು ಉದ್ದ ಅವೆ. ಗುಂಡಿಗೆ ಹೆಂಗೈತೋ ಕಾಣೆ. ಕೇಳು ಹುಡ್ಗಿ, ನಮ್ಮಲ್ಲಿ ಒಂದೇ ಕಟ್ಟಳೆ. ದೀಪ ಆರ್ಲಿ, ಪರದೆ ಹರೀಲಿ, ರಾಜನ ಮೀಸೆ ಉದುರಿ ಬೀಳ್ಲಿ, ಪೆಟ್ಟಿಗೆ ನಿಲ್ಲಂಗಿಲ್ಲ. ನಿಲ್ಸಿದೋರ್ಗೆ ಕಂಪನೀಲಿ ಜಾಗ ಇಲ್ಲ."

"ಆಯ್ತಮ್ಮ."

ಮೊದಲ ಪದ್ಯ ಮುಗಿಯಿತು, ಎರಡನೆಯದೂ. ಹರಿತಾಳ ಕಾಲುಗಳು ತಿದಿಯನ್ನು ತುಳಿಯುತ್ತಿದ್ದವು, ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಎಷ್ಟೋ ದಿನಗಳ ನಂತರ ತಲೆಯೊಳಗೆ ಯಾರೂ ಅಳುತ್ತಿರಲಿಲ್ಲ. ಮೂಲೆಯಲ್ಲಿ ತಬಲದವನು ಹುಬ್ಬು ಹಾರಿಸಿದ. ಮೇಷ್ಟ್ರು ಮೀಸೆಯೊಳಗೇ ನಕ್ಕು, ಟೀ ಕುಡಿದು ಬರುತ್ತೇನೆಂದು ಸನ್ನೆ ಮಾಡಿ ಕೆಳಗಿಳಿದರು.

"ಈಗ ರಾಣಿ ಗೋಳಾಡೋ ಪದ್ಯ," ಎಂದಳು ಸುವರ್ಣಮ್ಮ. ಪುಷ್ಪಲತಾ ಎಂಬ ನಟಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಮಗ ಹೂವ ಕೊಯ್ಯಕ್ಕೆ ಹೋಗಿ ಸತ್ತವ್ನೆ. ಇದ್ರಾಗೆ ಒಂದು ಕಿತಾಪತಿ ಐತೆ. ತಾಲೀಮಿನಾಗೆ ಅದ್ರ ಹೆಸ್ರು ನಾವು ಹಾಡಲ್ಲ. ರಂಗದ ಮ್ಯಾಲೆ ಮಾತ್ರ. ಇವ್ಳು ಅಲ್ಲಿಗೆ ಬಂದು ಬಾಯಿ ಮುಚ್ತಾಳೆ. ಆ ಮಾತಿನ ಸ್ವರ ನೀನು ಪೆಟ್ಟಿಗೆಯಾಗೆ ನುಡಿಸ್ಬೇಕು."

"ಯಾವುದ್ರ ಹೆಸ್ರಮ್ಮ?"

"ಅದೇ, ಹುಳದ್ದು."

ಹರಿತಾ ತಲೆಯಾಡಿಸಿದಳು. ಅಷ್ಟು ಗೊತ್ತಾಗದೆ ಏನು! ಬೀರಕ್ಕನೂ ಅಷ್ಟೇ, ಕಥೆಯಲ್ಲಿ ಅದು ಬಂದಾಗಲೆಲ್ಲ ಹುಳ ಅನ್ನುತ್ತಿದ್ದಳು, ಉದ್ದನೆಯದು ಅನ್ನುತ್ತಿದ್ದಳು. ಅದು ಮುಟ್ಟಿದವರ ಎದುರಿಗಂತೂ ಹೆಸರು ಎತ್ತಲೇಬಾರದು. ಎತ್ತಿದರೆ ನಂಜು ತಲೆಗೇರುತ್ತದಂತೆ.

ಪುಷ್ಪಲತಾ ಎದೆ ತುಂಬಿ ಎತ್ತಿಕೊಂಡಳು: "ಯಾವ ಪೊದೆಯೊಳು ಕಾದು ಕುಳಿತಿತ್ತಮ್ಮಾ, ಹಾಲು ಬೆರಳಿನ ನನ್ನ ಕಂದನ ಮುಟ್ಟಿತೇ..."

ಅಲ್ಲಿ ಅವಳು ಬಾಯಿ ಮುಚ್ಚಿದಳು. ಮಾತು ಇರಬೇಕಾದ ಜಾಗದಲ್ಲಿ ಮಾತಿರಲಿಲ್ಲ. ಹರಿತಾಳ ಬೆರಳು ಆ ಜಾಗವನ್ನು ತುಂಬಲು ಹೊರಟಿತು.

ಮುಟ್ಟಿತೇ. ಮುಟ್ಟೈತೆ.

ಹೆಸ್ರು ಎತ್ಬ್ಯಾಡ ತಾಯಿ. ಮಗ್ಗುಲಾಗೇ ಅವ್ನೆ ಅವ್ನು.

ಅಂಜಿಯ ಹೆಸರಲ್ಲ! ಮುಟ್ಟವ್ನೆ ಅಲ್ಲ! ಕುರಿರೊಪ್ಪದಲ್ಲಿ ನೆಲದ ಮೇಲೆ ಮಲಗಿದ್ದ, ರೆಪ್ಪೆ ಎತ್ತಲಾಗುತ್ತಿಲ್ಲ. ಆ ಲಾರಿ ನುಂಗಿದ್ದು 'ಐತೆ'ಯನ್ನು. ಅವಳು ತುಂಬಿದ್ದು 'ಅವ್ನೆ'ಯನ್ನು. ಅಲ್ಲಿ ಕಲ್ಯಾಣದುರ್ಗದಲ್ಲಿ ಯಾರೂ ಅವರನ್ನು ಕೆದಕುವುದಿಲ್ಲ, ಕೆದಕಬೇಡಿ ಎಂದು ಅವಳೇ ಹೇಳಿದ್ದಳು.

ಪೆಟ್ಟಿಗೆ ನಿಂತಿತು.

ತಬಲದವನ ಕೈ ಗಾಳಿಯಲ್ಲೇ ಉಳಿಯಿತು. ಪುಷ್ಪಲತಾ ತಿರುಗಿ ನೋಡಿದಳು. "ಯಾಕ್ ನಿಲ್ಸಿದೆ?" ಎಂದಳು ಸುವರ್ಣಮ್ಮ, ದನಿ ಎತ್ತದೆ. ದನಿ ಎತ್ತಿದ್ದರೆ ಚೆನ್ನಾಗಿತ್ತು.

"ಅಮ್ಮಾ, ಒಬ್ರ ಪ್ರಾಣ..." ಹರಿತಾಳಿಗೆ ಮುಂದೆ ಹೇಳಲು ಪುರುಸೊತ್ತಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದಳು.

ಟೀ ಅಂಗಡಿಯಲ್ಲಿ ಮೇಷ್ಟ್ರಿಲ್ಲ. "ಪಾಪಯ್ಯ ಮೇಷ್ಟ್ರು? ಈಗಿನ್ನಾ ಇಲ್ಲೇ ಇದ್ರಲ್ಲ," ಎಂದ ಟೀಯವನು, ಲೋಟ ತೊಳೆಯುತ್ತ. ಎಲೆಯಡಿಕೆ ಅಂಗಡಿಯಲ್ಲೂ ಇಲ್ಲ. ಮಂಡಿಯ ಹಿಂದೆ, ಹಮಾಲರ ಜೊತೆ ಕುಕ್ಕರುಗಾಲಲ್ಲಿ ಕೂತು ಯಾವುದೋ ಹಳೆಯ ನಾಟಕದ ಸುದ್ದಿ ಹೇಳುತ್ತಿದ್ದ ಅವರ ಹೆಗಲಿನಿಂದ ಚೀಲವನ್ನು ಎಳೆದುಕೊಂಡಳು. ಕನ್ನಡಕ, ಎಲೆಯ ಪೊಟ್ಟಣ, ಪಂಚೆ, ಕೊನೆಗೆ ಫೋನು. ಅದು ಕಣ್ಣು ಬಿಡಲು ಒಂದು ಯುಗ ತೆಗೆದುಕೊಂಡಿತು.

ಓಬುಳೇಶ ಎತ್ತಲಿಲ್ಲ. ಕೊಟ್ರೇಶ ಎತ್ತಲಿಲ್ಲ. ಮತ್ತೆ ಮಾಡಿದಳು.

"ಏನ್ ಹರಿತಾ, ಸೆಲೆಕ್ಟಾ?" ಕೊಟ್ರೇಶನ ದನಿ.

"ಅಣ್ಣಾ, ಆ ಹುಡ್ಗ?"

"ಹೊಟ್ಟೆ ತೊಳ್ದವ್ರೆ. ಯಾಕೋ ಸುಧಾರಿಸ್ತಿಲ್ಲ. ಉಸ್ರು ಸಣ್ಣಗಾಗೈತೆ ಅಂತವ್ರೆ."

"ಅದು ಮದ್ದಲ್ಲಣ್ಣ! ಅವ್ನು ಕುಡ್ದಿಲ್ಲ!"

"ಏಯ್, ನಾನೇ ನಿಂತಿದ್ನಲ್ಲ. ನರ್ಸಮ್ಮ 'ಪುರುಗಾ?' ಅಂತ ಕೇಳಿದ್ಲು, ಓಬುಳೇಶ 'ಅವುನು, ಪುರುಗೇ' ಅಂದ."

"ಆ ಪುರುಗಲ್ಲ, ಈ ಪುರುಗು!"

"ಯಾವ ಪುರುಗು? ಸರಿಯಾಗಿ ಬೊಗಳೇ ತಾಯಿ!"

ಹುಟ್ಟಿದಾಗಿನಿಂದ ಆ ಹೆಸರನ್ನು ಗಟ್ಟಿಯಾಗಿ, ಅದು ಮುಟ್ಟಿದವನನ್ನು ನೆನೆದು ಹರಿತಾ ಹೇಳಿದ್ದೇ ಇಲ್ಲ. ಬೀರಕ್ಕ ಬಾಯಿ ಮುಚ್ಚಲು ಕೈ ಚಾಚಿದ ಹಾಗಾಯಿತು.

"ಹಾವು!" ಎಂದು ಕಿರುಚಿದಳು. "ಹಾವು ಕಚ್ಚೈತೆ ಕೊಟ್ರೇಶಣ್ಣಾ! ಪಾಮು! ಪಾಮು!"

ಹುಣಸೆ ಕುಟ್ಟುವ ಹೆಂಗಸರ ಕೈಗಳು ನಿಂತವು. ಒಬ್ಬಳು ಕಾಲೆತ್ತಿ ಚೀಲದ ಮೇಲೆ ಹತ್ತಿದಳು. "ಎಕ್ಕಡೇ? ಎಲ್ಲೇ ಅದು?" ಎಂದು ಇನ್ನೊಬ್ಬಳು ಪೊರಕೆ ಹಿಡಿದಳು.

ಕೊಟ್ರೇಶ ಓಡಿದ್ದು ಫೋನಿನಲ್ಲಿ ಕೇಳಿಸಿತು. ಬಾಗಿಲು, ಗಲಾಟೆ, ಯಾರೋ ತೆಲುಗಿನಲ್ಲಿ ರೇಗಿದರು. ಡಾಕ್ಟರು ಕಾಲು, ಕೈ ಎಲ್ಲ ನೋಡಿದ್ದೇವೆ, ಗಾಯವೇ ಇಲ್ಲ, ಮನೆಯವರು ಬಾಯಿಬಿಟ್ಟು ಹೇಳಲಿ ಅನ್ನುತ್ತಿದ್ದರು. ಮನೆಯವರು ಹೇಳುತ್ತಿರಲಿಲ್ಲ. ಓಬುಳೇಶ ತಮ್ಮನ ತಲೆಯ ಹತ್ತಿರವೇ ನಿಂತಿದ್ದ.

"ಫೋನ್ ಅವ್ನ ಕೈಗೆ ಕೊಡಣ್ಣ," ಎಂದಳು ಹರಿತಾ. "ಓಬುಳೇಶಣ್ಣಾ, ಡಾಕ್ಟ್ರನ್ನ ಕರ್ಕಂಡು ಆಚೆಗೆ ಬಾ. ಬಾಗ್ಲು ದಾಟಿ ಬಾ. ಮೆಟ್ಲಿಳಿದು ರೋಡಿಗೆ ಬಾ. ಬಂದ್ಯಾ? ಈಗ ಅವ್ನಿಗೆ ಕೇಳ್ಸಲ್ಲ. ಈಗ ಡಾಕ್ಟ್ರ ಮುಖ ನೋಡಿ ಅದ್ರ ಹೆಸ್ರು ಹೇಳು."

ಬಸ್ಸಿನ ಸದ್ದು, ಸೋಡಾ ಬಂಡಿಯ ಗಂಟೆ. ಆಮೇಲೆ ಓಬುಳೇಶನ ಒಡೆದ ದನಿ: "ಕಟ್ಲಪಾಮು ಸಾರ್. ಕಂಬ್ಳಿ ಒದರಿದ್ರೆ ಕೆಳಗಿಂದ ಹೋಯ್ತು. ಕಣ್ಣಾರೆ ನೋಡಿದ್ದೀನಿ."

ಕಟ್ಟುಹಾವು ಕಚ್ಚಿದರೆ ಗಾಯವೇ ಕಾಣದೆಂದು ಡಾಕ್ಟರಿಗೆ ಗೊತ್ತಿತ್ತು. ಆಮೇಲೆ ಎಲ್ಲ ಒಟ್ಟಿಗೇ ನಡೆಯಿತು. ಡ್ರಿಪ್ಪಿನಲ್ಲಿ ಹಾವಿನ ನಂಜಿಗೆ ಕೊಡುವ ಔಷಧಿ ಏರಿತು. ಆದರೆ ಉಸಿರು ಸೋತಿತ್ತು, ಉಸಿರಾಡಿಸುವ ಮೆಷಿನ್ ಇದ್ದದ್ದು ಅನಂತಪುರದಲ್ಲಿ. ಆಂಬುಲೆನ್ಸಿನಲ್ಲಿ ಡ್ರೈವರ್ ಬಿಟ್ಟರೆ ಇದ್ದವನು ಒಬ್ಬನೇ. ಅವನು ಡ್ರಿಪ್ಪು ನೋಡಬೇಕು, ಗಂಟಲು ಸರಿಮಾಡಬೇಕು. ಅಂಜಿಯ ಮುಖಕ್ಕೆ ಹಿಡಿದ ರಬ್ಬರಿನ ಗಾಳಿಚೀಲವನ್ನು ಓಬುಳೇಶನೇ ಒತ್ತಬೇಕಾಯಿತು. ಕೊಟ್ರೇಶನ ಫೋನನ್ನು ಸ್ಪೀಕರಿಗೆ ಹಾಕಿ ಅವನ ಪಕ್ಕದಲ್ಲಿಟ್ಟಿದ್ದರು.

"ಇಷ್ಟು ಜೋರಾಗಿ ಬೇಡ! ನಿಧಾನ! ಭಯಕ್ಕೆ ಓಡಿಸ್ತಾ ಇದ್ದೀರಾ!" ಎಂದು ಆಂಬುಲೆನ್ಸಿನವನು ಕೂಗುತ್ತಿದ್ದ.

ಹರಿತಾಳ ಕಾಲು ಮಣ್ಣಿನ ಮೇಲೆ ತಾನಾಗಿ ತುಳಿಯತೊಡಗಿತು. "ಓಬುಳೇಶಣ್ಣಾ, ನನ್ ದನಿ ಕೇಳು. ನಾನು ಹೇಳಿದಾಗ ಮಾತ್ರ ಒತ್ತು. ಒತ್ತೂ... ಬಿಡು, ಎರಡು, ಮೂರು. ಒತ್ತೂ... ಬಿಡು, ಎರಡು, ಮೂರು."

"ಹಂಗೇ, ಹಂಗೇ, ಈಗ ಸರಿಯಾಯ್ತು," ಎಂದ ಆಂಬುಲೆನ್ಸಿನವನು.

ಹುಣಸೆಯ ಮೂಟೆಗಳ ನಡುವೆ ನಿಂತು ಅವಳು ತಾಳ ಹಾಕುತ್ತಲೇ ಇದ್ದಳು. ಸಿಗ್ನಲ್ ಒಮ್ಮೆ ಹೋಗಿ ಬಂತು. ಗಂಟಲು ಒಣಗಿತು. ಯಾರೋ ಕೊಟ್ಟ ನೀರು ಕುಡಿಯಲಿಲ್ಲ, ಕುಡಿದರೆ ಒಂದು ಉಸಿರು ತಪ್ಪುತ್ತದೆ. ಇದೆಲ್ಲ ನನ್ನಿಂದ, ಒಂದು ಮಾತನ್ನು ಪೂರ್ತಿ ಕೇಳಿಸಿಕೊಳ್ಳದ ನನ್ನಿಂದ ಎಂಬ ಯೋಚನೆ ಒಳಗೆ ಕೊರೆಯತೊಡಗಿತು. ಕೊರೆದಂತೆಲ್ಲ ಅವಳ 'ಮೂರು' ಅವಸರಕ್ಕೆ ಬಿತ್ತು.

"ಅಕ್ಕಾ, ಯಾಕೆ ಓಡಿಸ್ತಿದ್ದೀರಾ? ತಪ್ತಾ ಐತೆ!" ಫೋನು ಕೂಗಿತು.

ಪಾಪಯ್ಯ ಮೇಷ್ಟ್ರು ಹತ್ತಿರ ಬಂದು ಕೈ ಚಾಚಿದರು. "ಕೊಡಿಲ್ಲಿ."

ಹರಿತಾ ತಲೆಯಲ್ಲಾಡಿಸಿದಳು. ಬಾಯಿ ಲೆಕ್ಕ ಬಿಡುವಂತಿರಲಿಲ್ಲ. ಕಣ್ಣಿನಲ್ಲೇ ಬೇಡ ಅಂದಳು.

"ನಿಂಗೆ ತಾಳ ಕಲಿಸ್ದೋರು ಯಾರೇ?" ಎಂದರು ಮೇಷ್ಟ್ರು. ಅವಳ 'ಬಿಡು' ಮುಗಿಯುವ ಮೊದಲೇ ಫೋನಿಗೆ ಬಾಗಿ, 'ಎರಡು' ಎಂದು ತಾವೇ ಎತ್ತಿಕೊಂಡರು. ನಡುವೆ ಒಂದು ಎಳೆಯೂ ತಪ್ಪಲಿಲ್ಲ. "ಒತ್ತಪ್ಪಾ... ಬಿಡು, ಎರಡು, ಮೂರು."

ಫೋನು ಕೈಬಿಟ್ಟು ಹೋಯಿತು. ಹರಿತಾ ಬರಿಗೈಯಲ್ಲಿ ನಿಂತಳು. ಆ ಖಾಲಿ ಕೈಗಳನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ಸುವರ್ಣಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅವ್ನ ಉಸ್ರು ಮೇಷ್ಟ್ರ ಕೈಯಾಗೈತೆ," ಎಂದಳು. "ನಿನ್ ಕೈಯಾಗೇನೈತೆ ಈಗ? ಅಲ್ಲಿ ನಿಂತು ಮೇಷ್ಟ್ರ ಬಾಯಿ ನೋಡಿದ್ರೆ ಅವ್ನು ಬೇಗ ಎದ್ದು ಕುಂತ್ಕಂತಾನಾ? ನಮ್ ವ್ಯಾನು ಹೊರಡೋ ಹೊತ್ತಾಯ್ತು. ಬತ್ತೀಯೋ, ಹೋಯ್ತೀಯೋ?"

"ನಾನು ಪೆಟ್ಟಿಗೆ ನಿಲ್ಸಿದ್ನಲ್ಲಮ್ಮ."

"ಅದು ನಂಗೂ ಗೊತ್ತು. ಮರೆತಿಲ್ಲ. ಹತ್ತು ಮೇಲಕ್ಕೆ."

ಹೋಗುವುದು ಪಾಪವೋ, ನಿಲ್ಲುವುದು ಬರೀ ಜಂಬವೋ ಎಂದು ಹರಿತಾ ಒಂದು ಕ್ಷಣ ತೂಗಿದಳು. ಕೆಳಗೆ ಮೇಷ್ಟ್ರ ತಾಳ ಅವಳದ್ದಕ್ಕಿಂತ ಗಟ್ಟಿಯಾಗಿತ್ತು, ಸಮವಾಗಿತ್ತು. ಅದನ್ನು ಒಪ್ಪಿಕೊಳ್ಳುವುದೇ ಕಷ್ಟವಾಗಿದ್ದದ್ದು. ಅವಳು ಮೆಟ್ಟಿಲು ಹತ್ತಿದಳು.

ಪೆಟ್ಟಿಗೆಯ ಮುಂದೆ ಕೂತು ತಿದಿಗೆ ಕಾಲಿಟ್ಟಳು. ಪುಷ್ಪಲತಾ ಪದ್ಯ ಎತ್ತಿದಳು. ನೆಲದ ಹಲಗೆಗಳ ಸಂದಿನಿಂದ ಮೇಷ್ಟ್ರ ದನಿ ಬರುತ್ತಲೇ ಇತ್ತು. ಹರಿತಾ ನುಡಿಸಿದಳು, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಎರಡು ಕಡೆ ಸ್ವರ ಜಾರಿತು, ಹಿಡಿದುಕೊಂಡಳು. ಒಂದು ಪದ್ಯ ಕಳೆದು ಇನ್ನೊಂದು, ಇನ್ನೊಂದು.

ಇದ್ದಕ್ಕಿದ್ದಂತೆ ಕೆಳಗಿನ ದನಿ ನಿಂತಿತು.

ತಲುಪಿದ್ದಕ್ಕೆ ನಿಂತಿತೋ, ಇನ್ನು ಒತ್ತುವುದೇ ಬೇಡವಾಗಿ ನಿಂತಿತೋ? ಎದ್ದು ಓಡಬೇಕೆಂದು ಅವಳ ಮೈಯೆಲ್ಲ ಎಳೆಯಿತು. ಸುವರ್ಣಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಹರಿತಾ ತುಟಿ ಕಚ್ಚಿ ಕಾಲು ತುಳಿದಳು. ಅವಳು ಓಡಿದರೆ ಅನಂತಪುರದಲ್ಲಿ ಏನೂ ಬದಲಾಗುವುದಿಲ್ಲ. ಕಣ್ಣೀರು ಪೆಟ್ಟಿಗೆಯ ಸ್ವರಮನೆಗಳ ಮೇಲೆ ಬಿದ್ದು ಬೆರಳು ಜಾರುತ್ತಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಮುದಿ ಮಂಡಿಗಳ ನಿಧಾನದ ಹೆಜ್ಜೆ. ಮೇಷ್ಟ್ರು ಬಾಗಿಲಲ್ಲಿ ಕಾಣಿಸಿಕೊಂಡು, ಏದುಸಿರು ಬಿಡುತ್ತ, ಪದ್ಯ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಹಳೆಯ ರಂಗದ ಮನುಷ್ಯ!

"ಸೇರಿದ್ರು," ಎಂದರು ಆಮೇಲೆ. "ಮೆಷಿನ್ ಹಾಕವ್ರೆ. ಎದೆ ಹೊಡ್ಕಂತೈತೆ. ಉಳೀಬೌದು ಅಂದ್ರಂತೆ."

ಹರಿತಾ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅದರೊಳಗಿನಿಂದ ನಾಲ್ಕೈದು ಸ್ವರಗಳು ಒಟ್ಟಿಗೇ ಕಿರುಚಿದವು.

"ಏಳು, ಏಳು, ಪೆಟ್ಟಿಗೆ ಒದ್ದೆಯಾದ್ರೆ ಯಾರು ರಿಪೇರಿ ಮಾಡ್ಸೋರು?" ಎಂದಳು ಸುವರ್ಣಮ್ಮ. "ಎರಡು ಕಡೆ ಜಾರಿದೆ. ನಿಂತೂ ನಿಂತೆ. ಹಬ್ಬ ಕಳೆದ ಮೊದಲ್ನೇ ಭಾನ್ವಾರ ಪರಿಗಿ ಊರಾಗೆ ಆಟ ಐತೆ. ಅವತ್ತು ಬಂದು ಕುಂತ್ಕ. ಅಲ್ಲೂ ನಿಂತ್ರೆ ಆಮೇಲೆ ನನ್ ಬಾಯಿ ನೋಡ್ಬ್ಯಾಡ."

ಹಬ್ಬ ಕಳೆದ ವಾರ ಹರಿತಾ ಕಲ್ಯಾಣದುರ್ಗಕ್ಕೆ ಹೋದಳು. ಅಂಜಿ ಆಸ್ಪತ್ರೆಯಿಂದ ಬಿಡುಗಡೆಯಾಗಿ, ಡಾಕ್ಟರಿಗೆ ತೋರಿಸಲೆಂದು ಅಣ್ಣನ ಜೊತೆ ಬಂದಿದ್ದ. ಕೊಟ್ರೇಶನ ಅಂಗಡಿಯ ಮುಂದಿನ ಬೆಂಚಿನ ಮೇಲೆ, ಒಣಗಿದ ಅವರೆಕಡ್ಡಿಯ ಹಾಗೆ ಕೂತಿದ್ದ. ಹರಿತಾ ಬೆಂಚಿನ ಇನ್ನೊಂದು ತುದಿಗೆ ಕೂತಳು.

"ನಾನು ತಪ್ಪು ಕೇಳ್ಸ್ಕಂಡೆ ಕಣಣ್ಣ. ಇನ್ನೊಂದ್ಸಲ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ನಿನ್ ಪ್ರಾಣ..."

"ಪ್ರಾಣ ಹೋಗ್ಲಿ ಬಿಡು ತಾಯಿ, ಅದು ವಾಪಸ್ ಬಂತು," ಎಂದ ಅಂಜಿ. ದನಿ ಇನ್ನೂ ಕೀರಲಾಗಿತ್ತು. "ಮದುವೆ ವಾಪಸ್ ಬತ್ತಾ ಇಲ್ವಲ್ಲ! ಪರಿಗೀಲಿ ಹೆಣ್ಣು ನೋಡಿ ಬಂದಿದ್ದೆ. ಈಗ ಊರೆಲ್ಲಾ ಅಂಜಿ ಮದ್ದು ಕುಡಿದ್ಬುಟ್ಟ ಅಂತ ಸುದ್ದಿ. ಹುಡ್ಗಿ ಒಪ್ಗೆ ಇಲ್ದೆ ಕುಡ್ದ್ನಂತೆ, ಇನ್ನೊಬ್ಳ ಮ್ಯಾಲೆ ಮನ್ಸಿತ್ತಂತೆ, ಏನೇನೋ. ಹೆಣ್ಣಿನಪ್ಪ ಫೋನೇ ಎತ್ತಲ್ಲ."

ಓಬುಳೇಶ ನಗಲಾರದೆ ನಕ್ಕ. "ನಾವೇ ಹೇಳಿದ್ರೆ ನಂಬಲ್ಲ ಅವ್ರು, ಮುಚ್ಚಿಡ್ತಾವ್ರೆ ಅಂತಾರೆ. ನೀನೇ ಬಂದು ಹೇಳ್ಬೇಕು ಹರಿತಮ್ಮ. ಅದ್ರ ಹೆಸ್ರು ಹಿಡ್ದು ಹೇಳು, ನಿಂಗೀಗ ರೂಢಿ ಆಗೈತಲ್ಲ."

ಅಂಗಡಿಯೊಳಗೆ ಗುಂಪಿನ ಫೋನು ಹೊಡೆದುಕೊಂಡಿತು. ಈ ವಾರ ಅದು ಕೊಟ್ರೇಶನ ಸರದಿ. ಹರಿತಾಳ ಕೈ ತಾನಾಗಿ ಮುಂದೆ ಹೋಯಿತು, ಅರ್ಧಕ್ಕೆ ನಿಂತು ಹಿಂದೆ ಬಂತು. "ಏನಂದ್ರಿ? ಇನ್ನೊಂದ್ಸಲ ಬಿಡ್ಸಿ ಹೇಳಣ್ಣ," ಅನ್ನುತ್ತಿದ್ದ ಕೊಟ್ರೇಶ ಒಳಗೆ.

"ಬಾ ತಾಯಿ," ಎಂದ ಅಂಜಿ. "ಈ ಭಾನ್ವಾರ ಹೋಗಿಬರಣ. ಹ್ಯಾಗೂ ನೀನೂ ಪರಿಗೀಲೇ ಇರ್ತೀಯಂತೆ."

ಹರಿತಾಳ ನಾಲಿಗೆಯ ತುದಿಗೆ 'ಆಯ್ತು' ಬಂದಿತ್ತು. ಯಾವತ್ತೂ ಮೊದಲು ಬರುವ ಮಾತು ಅದೇ. ಅದನ್ನು ನುಂಗಿಕೊಂಡಳು.

"ಭಾನ್ವಾರ ಆಗಲ್ಲ ಕಣಣ್ಣ. ಭಾನ್ವಾರ ನಂಗೆ ನಾಟಕ ಐತೆ," ಎಂದಳು. "ಸೋಮ್ವಾರ ಬತ್ತೀನಿ."